ಹಳೇ ಗೋಡೆಯ ಮಣ್ಣು

ಏಪ್ರಿಲ್ ಒಂಬತ್ತು, ಬುಧವಾರ. ಬೆಳಗ್ಗೆ ಹತ್ತಕ್ಕೇ ಸುಡುಬಿಸಿಲು, ಎಲೆ ಅಲುಗುವಷ್ಟೂ ಗಾಳಿಯಿಲ್ಲ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಡಾಕ್ಟರೊಬ್ಬರ ಗೃಹಪ್ರವೇಶ. ಮಣ್ಣಿನ ಮನೆ; ಕಟ್ಟಿಸಿಕೊಟ್ಟವನು ನಾನು. ಈ ಕಸುಬಿನಲ್ಲಿ ವಿಚಿತ್ರಗಳು ಆಗುತ್ತಲೇ ಇರುತ್ತವೆ. ನಗಬೇಕೋ ಬೇಡವೋ ಎಂದು ಯೋಚಿಸುವುದರೊಳಗೆ ಇನ್ನೊಂದು ಆಗಿರುತ್ತದೆ.

೧. ಅಜ್ಜನ ಕಾಲ

ಮೊದಲ ದಿನವೇ ಡಾಕ್ಟರು ಹೇಳಿದ್ದರು: “ಅಜ್ಜನ ಕಾಲದ ಮನೆ ಥರ ಇರಬೇಕ್ರಿ. ಮಣ್ಣಿನ ಗೋಡೆ, ಒಳಗೆ ತಂಪು.”

“ಆಗಲಿ.”

“ನಾಲ್ಕೂ ರೂಮಿಗೆ ಏಸಿ ಪಾಯಿಂಟ್ ಮರೀಬ್ಯಾಡ್ರಿ.”

೨. ಮೊಳೆ

ಸಾಲ ಕೊಡುವ ಬ್ಯಾಂಕಿನಿಂದ ಮನೆಗೆ ಬೆಲೆ ಕಟ್ಟಲು ಒಬ್ಬರು ಬಂದರು. ಗೋಡೆಗೆ ಮೊಳೆ ಹೊಡೆದು ನೋಡಿದರು. ಬಗ್ಗಿತು. ಇನ್ನೊಂದು ಹೊಡೆದರು. ಅದೂ ಬಗ್ಗಿತು. ಕಾಗದದಲ್ಲಿ ‘ಕಚ್ಚಾ ಮನೆ’ ಎಂದು ಬರೆದರು.

“ಮೊಳೆ ಬಗ್ಗಿತಲ್ರಿ?” ಎಂದೆ.

“ಹೌದ್ರಿ. ಈಗಿನ ಮೊಳೆ ಸರಿ ಬರ್ತಿಲ್ಲ.”

೩. ರಜೆ

ಗೋಡೆ ಅರ್ಧ ಎದ್ದಾಗ ಹರಿಹರದ ಮೇಸ್ತ್ರಿ ಒಂದು ವಾರ ರಜೆ ಕೇಳಿದ. ಅಪ್ಪ ಕಟ್ಟಿದ ಮಣ್ಣಿನ ಮನೆ ಕೆಡವಬೇಕಂತೆ. ಮಗಳಿಗೆ ಗಂಡು ಗೊತ್ತಾಗಿತ್ತು. ಆರ್‌ಸಿಸಿ ಮನೆ ಎದ್ದರೇ ಮದುವೆ ಎಂದಿದ್ದರು ಬೀಗರು.

“ಮಣ್ಣಿನ ಗೋಡೆ ಎಂಥದು ಅಂತ ನಿನಗೆ ಗೊತ್ತಿಲ್ಲವೇ? ಬೀಗರಿಗೆ ಹೇಳಬಾರದಿತ್ತೇ?”

“ಡಾಕ್ಟ್ರು ಮಣ್ಣಿನ ಮನ್ಯಾಗಿದ್ರೆ ಶೋಕಿ ಅಂತಾರ ಸರ. ನಾವಿದ್ರೆ ಗತಿ ಇಲ್ಲ ಅಂತಾರ.”

೪. ಬೀಗರು

ಮೇಸ್ತ್ರಿ ಮನೆ ಕೆಡವುವ ಸುದ್ದಿ ಕೇಳಿ ಡಾಕ್ಟರು ಹಿಗ್ಗಿದರು. “ಹಳೇ ಗೋಡೆ ಮಣ್ಣು ಭಾಳ ಹದ ಇರ್ತದಂತಲ್ರಿ! ನಡುಮನೆಗೆ ಅದನ್ನೇ ಹಾಕ್ರಿ.” ಮೇಸ್ತ್ರಿ ಕಡೆ ತಿರುಗಿ, “ಹೆಂಗೂ ಚೆಲ್ಲೋ ಮಣ್ಣಲ್ಲೇನಪ್ಪಾ?” ಎಂದರು. ಅವನು ತಲೆಯಾಡಿಸಿದ. ನಾನೂ ಹೂಂ ಎಂದೆ. ಹದ ನಿಜಕ್ಕೂ ಚೆನ್ನಾಗಿತ್ತು.

ಗೃಹಪ್ರವೇಶಕ್ಕೆ ಮೇಸ್ತ್ರಿ ತನ್ನ ಕೆಲಸ ತೋರಿಸಲು ಬೀಗರನ್ನು ಕರೆತಂದಿದ್ದ. ಅವರು ಬಿಸಿಲಿನಿಂದ ಒಳಗೆ ಬಂದು, ಬೆವರು ಒರೆಸಿಕೊಂಡು, ನಡುಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತರು.

“ಆಹಾ, ಏನ್ ತಂಪ್ರಿ! ಮನೆ ಅಂದ್ರೆ ಇದು. ನಿಮ್ಮದನ್ನೂ ಹಿಂಗ ಕಟ್ಟಬಾರ್ದಿತ್ತೇನ್ರಿ ಬೀಗ್ರೇ?”

ಬೀಗರು ಗೋಡೆ ಸವರಿದರು.

“ಈ ಮಣ್ಣಿಗೆ ಎಷ್ಟು ಬಿತ್ತು?”

“ಎರಡು ಸಾವಿರ,” ಎಂದ ಮೇಸ್ತ್ರಿ.

“ಅಷ್ಟೇನಾ? ಡಾಕ್ಟ್ರಿಗೆ ಸಸ್ತಾ ಆತು ಬಿಡ್ರಿ.”

“ಡಾಕ್ಟ್ರು ಕೊಟ್ಟಿಲ್ರಿ, ನಾನು ಕೊಟ್ಟಿದ್ದು. ನೀವು ಬ್ಯಾಡ ಅಂದ ಗೋಡೆನ ಇಲ್ಲಿಗೆ ತರಾಕ, ಟ್ರ್ಯಾಕ್ಟರ್ ಬಾಡಿಗೆ.”