ಕಂಬದ ಮೇಲಿನ ಸರ್ಕಸ್ ಡೇರೆ

ನಮ್ಮ ಸೋದರಮಾವನಿಗೆ ಫ್ರೆಂಚ್ ಬರುತ್ತದೆಂದು ಅರಸೀಕೆರೆಯೇ ನಂಬಿತ್ತು. ನಂಬದೆ ಉಳಿದವರು ನಮ್ಮತ್ತೆ ಒಬ್ಬರೇ!

ಮಾವ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಊರಿಗೆ ಸೈಬರ್ ಸೆಂಟರ್ ಬಂದ ಹೊಸತು. ಹೊಯ್ಸಳ ಗುಡಿಗಳ ಬಗ್ಗೆ ಫ್ರೆಂಚಿನಲ್ಲಿರುವ ಲೇಖನ ಹುಡುಕುವುದು, ಅದನ್ನು ಕಂಪ್ಯೂಟರಿಗೆ ತಿನ್ನಿಸುವುದು, ಅದು ಕಕ್ಕಿದ ಇಂಗ್ಲಿಷನ್ನು ಪ್ರಿಂಟ್ ಹಾಕಿಸಿ ಕಂಕುಳಲ್ಲಿಟ್ಟುಕೊಂಡು ಬರುವುದು. ಆಮೇಲೆ ತಾವು ಬರೆಯುವ ಲೇಖನದ ಅಡಿಟಿಪ್ಪಣಿಯಲ್ಲಿ ಮಾತ್ರ ಮೂಲದ ಫ್ರೆಂಚ್ ಹೆಸರೇ! ಕಂಪ್ಯೂಟರಿನ ಸುದ್ದಿ ಎಲ್ಲಿಯೂ ಇಲ್ಲ.

"ರೀ, ಉಪ್ಪಿಟ್ಟಿಗೆ ಫ್ರೆಂಚಲ್ಲಿ ಏನಂತಾರೆ?" ಎಂದರು ಅತ್ತೆ ಒಂದು ದಿನ.

"ಅವರು ಉಪ್ಪಿಟ್ಟು ತಿನ್ನಲ್ಲ ಕಣೇ."

"ಪುಣ್ಯವಂತರು! ನೀವು ತಿನ್ನಿ."

ಬೇಲೂರಿನಲ್ಲೊಂದು ವಿಚಾರ ಸಂಕಿರಣ. ಮಾವ ನನ್ನನ್ನೂ ಎಳೆದೊಯ್ದರು. ವೇದಿಕೆ ಹತ್ತಿ ಗಂಟಲು ಸರಿಮಾಡಿಕೊಂಡು ಘೋಷಿಸಿದರು: "ಹಳೇಬೀಡಿನ ಕಂಬಗಳ ಮೇಲೆ ಸರ್ಕಸ್ ಡೇರೆಗಳಿದ್ದವೆಂದು ಫ್ರೆಂಚ್ ವಿದ್ವಾಂಸರು ದಾಖಲಿಸಿದ್ದಾರೆ. ಆದ್ದರಿಂದ ಹೊಯ್ಸಳರ ಕಾಲದಲ್ಲಿ ಕಸರತ್ತಿನವರಿಗೂ ರಾಜಾಶ್ರಯವಿತ್ತು!"

ಮುಂದಿನ ಸಾಲಿನಿಂದ ಒಬ್ಬ ಸಂಶೋಧಕಿ ಎದ್ದರು. "ಸರ್, ಮೂಲವನ್ನ ನೀವೇ ಓದಿದ್ರಾ?"

"ಓಹೋ, ಎರಡೆರಡು ಸಲ!"

"ಅಲ್ಲಿ 'ಶಾಪಿತೋ' ಅನ್ನೋ ಪದ ಇರಬೇಕಲ್ವಾ ಸರ್? ಸರ್ಕಸ್ ಡೇರೆಗೂ ಹಾಗೇ ಅಂತಾರೆ. ಆದ್ರೆ ಕಂಬದ ವಿಷಯದಲ್ಲಿ ಅದು ಬೋದಿಗೆ, ಕಂಬದ ತಲೆಭಾಗ."

ಸಭೆಗೆ ಸಭೆಯೇ ಗೊಳ್ಳೆಂದಿತು. ನಾನೋ, ಕುರ್ಚಿಯ ಕೆಳಗೆ ಇಲ್ಲದ ಪೆನ್ನು ಹುಡುಕತೊಡಗಿದೆ! ಯಾರಾದರೂ "ಅವರು ನಿಮ್ಮ ಮಾವನಾ?" ಎಂದು ಕೇಳಿಬಿಟ್ಟರೆ? ತಲೆಯೆತ್ತಿದಾಗ ಮಾವ ಕಾಗದಗಳನ್ನು ಎದೆಗವಚಿಕೊಂಡು ಮೆಟ್ಟಿಲಿಳಿಯುತ್ತಿದ್ದರು.

ಊರಿಗೆ ವಾಪಸು ಬಸ್ಸು ಹತ್ತಿದೆವು. ಹಳೇಬೀಡು ಬಂದೊಡನೆ ಮಾವ ದಡಕ್ಕನೆ ಇಳಿದುಬಿಟ್ಟರು. ನಾನೂ ಹಿಂದೆಯೇ ಓಡಿದೆ. ಗುಡಿಯೊಳಗೆ ಒಂದು ಕಂಬದ ಕೆಳಗೆ ಕತ್ತೆತ್ತಿ ನಿಂತರು.

"ವರ್ಷ ವರ್ಷ ಹುಡುಗರನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದೀನಿ ಕಣೋ. ಇಲ್ಲಿ ಯಾವ ಡೇರೇನೂ ಇಲ್ಲ ಅಂತ ನನಗೆ ಗೊತ್ತಿರ್ಲಿಲ್ವಾ? ನಾನೇ ಕಣ್ಣಾರೆ ನೋಡಿದ್ದು ಸಾಲದು ಅನ್ನಿಸ್ತು. ಫ್ರೆಂಚ್ ಹೆಸರು ಹಾಕಿದ್ರೆ ನಾಲ್ಕು ಜನ ದೊಡ್ಡವನು ಅಂತಾರೆ ಅನ್ನಿಸ್ತು." ಕೈಯಲ್ಲಿದ್ದ ಕಾಗದಗಳನ್ನು ಮಡಚಿದರು. "ಇವತ್ತು ಓದಿದ ಲೇಖನ ವಾಪಸ್ ತಗೋತೀನಿ. ನಂಗೆ ಫ್ರೆಂಚ್ ಬರಲ್ಲ ಅಂತ ಬರೆದೇ ಕೊಡ್ತೀನಿ."

"ಮಾವ, ಬೋದಿಗೆ ಅಂದ್ರೆ ಯಾವುದು? ನನಗೆ ಗೊತ್ತಿಲ್ಲ, ತೋರಿಸಿ," ಎಂದೆ.

ಮಾವ ಬೆರಳೆತ್ತಿದರು. ಮೊದಲು ತಡವರಿಸಿದರು. ಆಮೇಲೆ ಆ ಕಲ್ಲನ್ನು ಕಡೆದ ಬಗೆ, ಅದು ಮೇಲಿನ ತೊಲೆಯ ಭಾರ ಹೊರುವ ಬಗೆ ಎಲ್ಲವನ್ನೂ ತಿಳಿಗನ್ನಡದಲ್ಲಿ ಹೇಳುತ್ತಾ ಹೋದರು. ಗುಡಿ ನೋಡಲು ಬಂದಿದ್ದ ಯಾರೋ ಗಂಡಹೆಂಡತಿ ಹತ್ತಿರ ಬಂದು ಕಿವಿಗೊಟ್ಟರು. ಅರಸೀಕೆರೆಯ ಬಸ್ಸು ಹಾರ್ನ್ ಹೊಡೆದದ್ದು ಕೇಳಿಸಿತು. ಹೋದರೆ ಹೋಗಲಿ ಎಂದು ಮಾವನ ಪಕ್ಕದಲ್ಲೇ ನಿಂತೆ.