ಸಿಡಿ ತಂದಿದ್ದೀರಾ?

ಇವತ್ತೊಂದು ದಿನ ನೆಟ್ಟಗೆ ಕಳೆದರೆ ಸಾಕಪ್ಪಾ ಅಂದ್ಕೊಂಡು ಕೂತರೆ ಮುಗೀತು, ನನ್ನ ಟೇಬಲ್ ಮುಂದೆ ಎಡವಟ್ಟು ಹಾಜರ್!

ಸಂಜಯನಗರದ ಒಬ್ಬ ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಕೆಲಸ. ಜನ ಬೇರೆ ಕಡೆ ಸ್ಕ್ಯಾನ್ ಮಾಡಿಸಿ ಸಿಡಿ ತರ್ತಾರೆ. ಅದರಲ್ಲಿರೋ ಚಿತ್ರಗಳನ್ನ ನಾನು ಅವರವರ ಹೆಸರಿಗೆ ಕಂಪ್ಯೂಟರಿಗೆ ಹಾಕ್ಬೇಕು, ಆಮೇಲೆ ಒಳಗೆ ಡಾಕ್ಟರ ಸ್ಕ್ರೀನಲ್ಲಿ ಕಾಣುತ್ತೆ. ಎಷ್ಟು ಚಿತ್ರ ಏರಿತು ಅಂತ ತೋರಿಸೋ ಹಸಿರು ಪಟ್ಟಿ ಆಮೆ ಥರ ತೆವಳ್ತಿದ್ರೆ ನನಗೆ ಕೂತಲ್ಲಿ ಕೂರಕ್ಕಾಗಲ್ಲ. ಡಾಕ್ಟರ ಮೂಗಿನ ತುದೀಲೇ ಕೋಪ. "ಇನ್ನೊಂದ್ಸಲ ಸ್ಕ್ರೀನ್ ಖಾಲಿ ಇದ್ರೆ ನಾಳೆಯಿಂದ ಬರ್ಬೇಡಿ" ಅಂದುಬಿಟ್ಟಿದ್ದರು. ಮನೆ ಹತ್ತಿರದ ಕೆಲಸ, ಕಳ್ಕೊಳ್ಳಕ್ಕಾಗುತ್ತಾ?

ಬೆನ್ನುನೋವು

ಡಾಕ್ಟರ್ ಹಾಗೆ ಗುಡುಗಿದ್ದು ಬಾಗಲಗುಂಟೆಯ ಒಬ್ಬ ಆಟೋದವರ ದೆಸೆಯಿಂದ. ಬೆನ್ನುನೋವು ಅಂತ ಬಂದಿದ್ದರು. ಕವರ್ ಕೊಟ್ಟರು, ಒಳಗೆ ಬರೀ ರಿಪೋರ್ಟು.

"ಸಿಡಿ ಎಲ್ರೀ?"

"ಆಟೋ ಹಿಂದೆ ಕಟ್ಟಿದೀನಿ ಮೇಡಂ. ಲೈಟ್ ಬಿದ್ರೆ ಚೆನ್ನಾಗಿ ಹೊಳೆಯುತ್ತೆ."

ಓಡಿಹೋಗಿ ಬಿಚ್ಚಿಸಿದೆ. ಮೈಯೆಲ್ಲಾ ಗೀರು, ನಡುವೆ ದಾರ. ಕಂಪ್ಯೂಟರ್ ಅದನ್ನ ಮುಟ್ಟಿಯೂ ನೋಡಲಿಲ್ಲ. ನನಗೆ ಅಳು ಬರೋದೊಂದು ಬಾಕಿ.

"ಈ ಸಿಡಿಯಿಂದ ಏನ್ ಉಪಯೋಗ ಆಯ್ತು ಹೇಳಿ?" ಅಂತ ರೇಗಿದೆ.

"ಹಂಗನ್ಬೇಡಿ ಮೇಡಂ. ಕಟ್ಟಿದ ಮೇಲೆ ಹಿಂದಿನಿಂದ ಯಾರೂ ಗುದ್ದಿಲ್ಲ. ಬೆನ್ನು ಇಷ್ಟಾದ್ರೂ ಉಳಿದಿರೋದು ಅದರಿಂದಾನೇ!"

ಯಜಮಾನರ ಹೆಸರು

ಅಬ್ಬಿಗೆರೆಯಿಂದ ವಯಸ್ಸಾದ ಗಂಡ ಹೆಂಡತಿ ಬಂದರು. ಮಂಡಿನೋವು ಗಂಡನಿಗೆ. ಅವರದ್ದೂ ಅವರ ತಮ್ಮನದ್ದೂ ಒಂದೇ ಸಿಡಿಗೆ ಹಾಕಿ ಕೊಟ್ಟಿದ್ದಾರೆ ಸ್ಕ್ಯಾನಿನವರು. ತಪ್ಪು ಮಂಡಿ ಒಳಗೆ ಹೋದ್ರೆ ನನ್ನ ಕಥೆ ಮುಗೀತು.

"ಯಜಮಾನರ ಹೆಸರೇನಮ್ಮಾ?"

ಅಜ್ಜಿ ನಾಚಿಕೊಂಡು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡರು. "ಅಯ್ಯೋ, ಗಂಡನ ಎಸರು ಎಂಗವ್ವಾ ಯೋಳೋದು!"

ಒಳಗಿಂದ ಡಾಕ್ಟರ್ ಬೆಲ್ಲು ಒತ್ತುತ್ತಾನೇ ಇದ್ದಾರೆ. ನಾನು ಎರಡೂ ಹೆಸರು ಓದಿದೆ, ಅಜ್ಜಿ ಒಂದಕ್ಕೆ ತಲೆ ಆಡಿಸಿದರು. ಪಕ್ಕದಲ್ಲೇ ಕಲ್ಲಿನ ಹಾಗೆ ಕೂತಿದ್ದ ಅಜ್ಜನಿಗೆ, "ನೀವಾದ್ರೂ ಹೇಳಬಾರದಿತ್ತಾ ತಾತಾ?" ಅಂದೆ.

"ಮದ್ವೆ ಆದಾಗಿಂದ ಕಾಯ್ತಾ ಇವ್ನಿ ಕಣವ್ವ. ಇವತ್ತಾದ್ರೂ ಅವಳ ಬಾಯಲ್ಲಿ ಬತ್ತದೇನೋ ಅಂತ ಸುಮ್ಕಿದ್ದೆ."

ಆಯುಧಪೂಜೆ

ಆಯುಧಪೂಜೆ ದಿನ ಡಾಕ್ಟರ ತಾಯಿ ಬೆಳಿಗ್ಗೆಯೇ ಬಂದು ಕ್ಲಿನಿಕ್ಕಿನ ಸಾಮಾನಿಗೆಲ್ಲ ಅರಿಶಿನ ಕುಂಕುಮ ಹಚ್ಚಿದ್ದರು. ಆಮೇಲೆ ಬಂದವರು ಒಬ್ಬರೇ ಪೇಷೆಂಟು, ಸೊಂಟದ ಸ್ಕ್ಯಾನು. ಒಳಗಿನ ಬೆಲ್ಲಿಗೆ ಹೆದರಿ, ಸರಿಯಾಗಿ ನೋಡದೇ ಸಿಡಿ ಹಾಕಿದೆ. ಕಂಪ್ಯೂಟರ್ ಕರಕರ ಅಂತ ಅರೆಯಕ್ಕೆ ಶುರುಮಾಡಿತು. ಹಸಿರು ಪಟ್ಟಿ ಹುಟ್ಟಲೇ ಇಲ್ಲ.

"ಬಂತೇನ್ರೀ?" ಒಳಗಿಂದ.

"ಬರ್ತಿದೆ ಸಾರ್!" ಎಲ್ಲಿಂದ ಬರುತ್ತೆ, ನನ್ನ ಕರ್ಮ! ಎದ್ದೆ, ಕೂತೆ, ಕಂಪ್ಯೂಟರಿಗೆ ಕೈ ಮುಗಿದೆ. ಡಾಕ್ಟರ್ ಆಚೆಗೇ ಬಂದು ತಾವೇ ಬಟನ್ ಒತ್ತಿದರು.

ಸಿಡಿ ತಟ್ಟೆ ಹೊರಗೆ ಬಂತು. ಸಿಡಿ ಕೆಳಗೆಲ್ಲ ಅಕ್ಷತೆ, ಕುಂಕುಮ, ಸೇವಂತಿಗೆ ಎಸಳು.

"ಯಾರು ಮಾಡಿದ್ದು ಇದನ್ನ?" ಡಾಕ್ಟರ್ ನನ್ನನ್ನೇ ನೋಡಿ ಕೂಗಿದರು. "ಯಾರೇ ಆಗಿರ್ಲಿ, ಈಗಿಂದೀಗ್ಲೇ ಮನೆಗೆ ಕಳಿಸ್ತೀನಿ!"

"ನಾನೇ ಕಣೋ," ಅಂದರು ಇನ್ನೂ ಅಲ್ಲೇ ಇದ್ದ ಅವರ ತಾಯಿ, ಆರತಿ ತಟ್ಟೆ ಕೆಳಗಿಟ್ಟು. "ಕುಂಕುಮ ಹಚ್ಚಕ್ಕೆ ಕಂಪ್ಯೂಟರ್ ಮುಟ್ಟಿದ ತಕ್ಷಣ ತಟ್ಟೆ ತಾನಾಗೇ ಮುಂದೆ ಬಂತು, ಅಕ್ಷತೆ ಹಾಕಿದೆ. ಮನೆಗೆ ತಾನೇ ಕಳಿಸೋದು? ನಡಿ, ಕಾರು ತೆಗಿ. ಚಕ್ರದ ಕೆಳಗೆ ನಿಂಬೆಹಣ್ಣು ಆಗ್ಲೇ ಇಟ್ಟಿದೀನಿ."