ತಿಥಿಯಾದ ಹೀರೋಗೆ ಎರಡನೇ ಭಾಗ

ದೇವರಿಗೆ ಹೂವು ಏರಿಸಿಕೊಂಡು, ತೋಟಕ್ಕೆ ನೀರು ಬಿಟ್ಟುಕೊಂಡು ತೆಪ್ಪಗಿರೋಣ ಅಂತ ನಾನು ಎಷ್ಟು ಅಂದುಕೊಂಡರೂ, ನಗುವಂಥದ್ದು ಒಂದಲ್ಲ ಒಂದು ನಮ್ಮ ಜಗಲಿಯನ್ನೇ ಹುಡುಕಿಕೊಂಡು ಬರುತ್ತದೆ. ಕುಂದಾಣ ಹೋಬಳಿಯಲ್ಲಿ ನಮ್ಮದು ಸ್ವಲ್ಪ ದ್ರಾಕ್ಷಿ, ಸ್ವಲ್ಪ ರಾಗಿ. ಅಳಿಯ ಸಿನಿಮಾಕ್ಕೆ ಕಥೆ ಬರೆಯುವವನು. ಹೆಣ್ಣು ಕೇಳಲು ಬಂದಾಗ ಬರವಣಿಗೆ ಕೆಲಸ ಅಂದಿದ್ದರು. ನಾನು ತಾಲ್ಲೂಕು ಕಚೇರಿ ಇರಬೇಕು ಅಂದುಕೊಂಡು ಒಪ್ಪಿಬಿಟ್ಟೆ.

ಆಕಾಶದಲ್ಲಿ ಹಾರಾಡಿ ದುಷ್ಟರನ್ನು ಬಡಿಯುವ ಒಬ್ಬ ಹೀರೋನ ಕಥೆ ಬರೆದ. ಕೊನೆಯಲ್ಲಿ ಹೀರೋನನ್ನು ಸಾಯಿಸಿದ. ಜನ ಅತ್ತರು, ಸಿನಿಮಾ ಓಡಿತು. ಈಗ ನಿರ್ಮಾಪಕರಿಗೆ ಎರಡನೇ ಭಾಗ ಬೇಕು, ಅದೇ ಹೀರೋನೇ ಬೇಕು. "ಸಾಯಿಸಿದವನೇ ಎಬ್ಬಿಸ್ಬೇಕು. ಶುಕ್ರವಾರದೊಳಗೆ ಜನ ನಂಬೋ ಹಂಗೆ ಒಂದು ದಾರಿ ಹೇಳು. ಇಲ್ಲಾಂದ್ರೆ ಬೇರೆಯವರ ಕೈಲಿ ಬರೆಸ್ತೀನಿ" ಅಂದುಬಿಟ್ಟರು. ಊರಿನ ಗಾಳಿಯಲ್ಲಿ ತಲೆ ಓಡುತ್ತದೆ ಅಂತ ನಿರ್ಮಾಪಕರು, ನಿರ್ದೇಶಕರು, ಅಳಿಯ ಮೂವರೂ ನಮ್ಮ ಮನೆಗೇ ಬಂದು ಇಳಿದರು. ಮಗಳು ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಮನೆಯಲ್ಲಿಟ್ಟು, ಊಟ ಬಿಟ್ಟು ಕೂತಳು.

ಕಾಗೆ ಮುಟ್ಟಿತು

ಮೊದಲು ಆ ಸಾವಿನ ವಿಷಯ ಹೇಳಿಬಿಡುತ್ತೇನೆ. ಮೊದಲ ಭಾಗದ ಕೊನೆಯನ್ನು ನಮ್ಮೂರಲ್ಲೇ ತೆಗೆದಿದ್ದರು. ಹೀರೋನ ತಂದೆಯ ಪಾತ್ರಕ್ಕೆ ದುಃಖದ ಮುಖದವನೊಬ್ಬ ಬೇಕಿತ್ತಂತೆ, ಮಾತೇನೂ ಇಲ್ಲ. ನಿರ್ದೇಶಕರು ನನ್ನನ್ನು ನೋಡಿ, "ಯಜಮಾನ್ರೇ, ನೀವೇನೂ ಮಾಡ್ಬೇಡಿ, ಹಿಂಗೇ ಇರಿ, ಸಾಕು" ಅಂದರು. ಹೊಗಳಿಕೆ ಅಂತಲೇ ತೆಗೆದುಕೊಂಡೆ.

ಹನ್ನೊಂದನೇ ದಿನದ ತಿಥಿಯ ದೃಶ್ಯ. ಎಲೆಯ ಮೇಲೆ ಥರ್ಮಾಕೋಲಿನ ಮುದ್ದೆ, ಬಣ್ಣದ ನೀರಿನ ಸಾರು ಇಟ್ಟಿದ್ದರು. ನನಗೆ ಮನಸ್ಸು ಒಪ್ಪಲಿಲ್ಲ. ಸಾವು ಸುಳ್ಳಾದರೂ ಎಡೆ ಸುಳ್ಳಾಗಬಾರದು ಅಂತ ಮನೆಯಿಂದ ಅನ್ನ, ವಡೆ, ಪಾಯಸ ಮಾಡಿಸಿ ತಂದೆ. ದಾಸಯ್ಯನನ್ನು ಕರೆಸಿ ಶಂಖ ಊದಿಸಿ, ಜಾಗಟೆ ಹೊಡೆಸಿದೆ. "ಕಾಗೇನ ಆಮೇಲೆ ಕಂಪ್ಯೂಟರ್‌ನಲ್ಲಿ ಹಾಕ್ತೀವಿ" ಅಂತ ನಿರ್ದೇಶಕರು ಹೇಳುತ್ತಿದ್ದ ಹಾಗೇ ನಿಜವಾದ ಕಾಗೆಯೊಂದು ಬಂದು ವಡೆ ಕಚ್ಚಿಕೊಂಡು ಹೋಯಿತು. ನಮ್ಮ ಮನೆಯ ತಿಥಿಗಳಲ್ಲಿ ಮಧ್ಯಾಹ್ನ ಮೂರಾದರೂ ತಲೆ ಹಾಕದ ಕಾಗೆ!

ಸಿನಿಮಾದವರು ಚಪ್ಪಾಳೆ ಹೊಡೆದರು. ಊರವರು ಗಂಭೀರವಾಗಿ ಕೈ ಮುಗಿದರು. ಹೀರೋ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಎಳನೀರು ಕುಡಿಯುತ್ತಿದ್ದ. ಪಕ್ಕದ ತೋಟದವನು ಅವನ ಹತ್ತಿರ ಹೋಗಿ ಸಮಾಧಾನದ ದನಿಯಲ್ಲಿ, "ಮೊದಲನೇ ಸಲಕ್ಕೇ ಮುಟ್ತು ಸ್ವಾಮಿ. ನಿಮಗೆ ಯಾವ ಆಸೇನೂ ಬಾಕಿ ಇರ್ಲಿಲ್ಲ ಬಿಡಿ" ಅಂದ. ಎಳನೀರು ಹೀರೋನ ನೆತ್ತಿಗೇರಿ, ಬೆನ್ನು ತಟ್ಟಲು ಇಬ್ಬರು ಬೇಕಾದರು.

ಜಗಲಿಯ ಮೇಲೆ ಡಿಸ್ಕಷನ್

ಇಷ್ಟು ಪಕ್ಕಾ ಸತ್ತವನನ್ನು ಎಬ್ಬಿಸುವುದು ಹೇಗೆ? ಸೋಮವಾರದಿಂದ ಡಿಸ್ಕಷನ್ ಶುರುವಾಯಿತು. ಡಿಸ್ಕಷನ್ ಅಂದರೆ ನಿರ್ದೇಶಕರು ಅಂಗಳದಲ್ಲಿ ಅಡ್ಡಾಡುವುದು, ಅಳಿಯ ಪೆನ್ನು ಕಚ್ಚುವುದು, ನಿರ್ಮಾಪಕರು ಮಧ್ಯಾಹ್ನಕ್ಕೆ ಏನು ಸಾರು ಅಂತ ವಿಚಾರಿಸುವುದು.

"ಅವಳಿ ಜವಳಿ ಮಾಡೋಣ. ಇವನ ತಮ್ಮ ಬರ್ತಾನೆ" ಅಂದರು ನಿರ್ದೇಶಕರು.

ಸೊಪ್ಪು ಸೋಸುತ್ತಿದ್ದ ನಮ್ಮ ಮನೆಯವಳು ತಲೆ ಎತ್ತಿದಳು. "ಅಣ್ಣನ ತಿಥಿಗೇ ಬರ್ದೇ ಇದ್ದೋನಾ? ಅಂಥೋನು ಊರು ಉದ್ಧಾರ ಮಾಡ್ತಾನಾ?"

ಅವಳಿ ಹೋಯಿತು.

"ಹಂಗಾದ್ರೆ ಅವನು ಸತ್ತೇ ಇರ್ಲಿಲ್ಲ. ಸತ್ತಂಗೆ ನಾಟಕ ಆಡಿದ್ದ."

"ಬದುಕಿರೋ ಮಗನಿಗೆ ತಿಥಿ ಮಾಡಿದ ಪಾಪಾನ ನಮ್ಮ ಯಜಮಾನ್ರಿಗೆ ಯಾಕ್ ಅಂಟಿಸ್ತೀರಾ? ಅದೂ ಹೋಗ್ಲಿ."

"ಬೇರೆ ಲೋಕದಿಂದ ಒಂದು ಬೆಳಕು ಬಂದು ಹೆಣದ ಮೇಲೆ ಬೀಳುತ್ತೆ" ಅಂದ ಅಳಿಯ, ಅತ್ತೆಯ ಮುಖ ನೋಡದೆ.

"ಸುಟ್ಟುಹಾಕಿದ್ದೀರಲ್ಲಪ್ಪ. ಯಾವ ಹೆಣದ ಮೇಲೆ?"

ಹೀಗೆ ಬುಧವಾರದ ಹೊತ್ತಿಗೆ ತೋಚಿದ ದಾರಿಗಳೆಲ್ಲ ಮುಚ್ಚಿದವು. ನಿರ್ಮಾಪಕರು ಅಳಿಯನಿಗೆ, "ಶುಕ್ರವಾರ ಮರೀಬೇಡ ಗುರು" ಅಂತ ನೆನಪಿಸಿದರು. ಆಮೇಲೆ ನನ್ನನ್ನು ಬಾವಿಯ ಹತ್ತಿರ ಕರೆದುಕೊಂಡು ಹೋಗಿ ದನಿ ತಗ್ಗಿಸಿ ಕೇಳಿದರು: "ಯಜಮಾನ್ರೇ, ಅಕಸ್ಮಾತ್ ಇವನನ್ನ ಬಿಟ್ರೆ, ನಿಮ್ಮ ಮನೆಯವರು ಬರೀತಾರಾ?"

ಹಾರುವ ದಾರಿ

ಎಬ್ಬಿಸುವುದು ಆಮೇಲೆ, ಎದ್ದ ಮೇಲೆ ಹೇಗೆ ಬರುತ್ತಾನೆ ಅಂತಾದರೂ ಯೋಚಿಸೋಣ ಅಂದರು ನಿರ್ದೇಶಕರು. "ಹೀರೋ ಮೋಡ ಸೀಳ್ಕೊಂಡು ಕುಂದಾಣದ ಮೇಲೆ ಹಾರ್ಕೊಂಡು ಬರ್ತಾನೆ!"

ಟೀಗೆ ಬಂದಿದ್ದ ಪಕ್ಕದ ತೋಟದವನು ಮೇಲೆ ನೋಡಿದ. ದೇವನಹಳ್ಳಿ ಕಡೆಗೆ ಇಳಿಯುವ ವಿಮಾನವೊಂದು ಅಷ್ಟರಲ್ಲಿ ನಮ್ಮ ಮಾತನ್ನೆಲ್ಲ ನುಂಗಿಕೊಂಡು ಹೋಯಿತು. "ಈ ಟ್ರಾಫಿಕ್‌ನಲ್ಲಿ ಹೆಂಗ್ ಸ್ವಾಮಿ ಹಾರ್ತಾನೆ?" ಅಂದ.

"ಕೆಳಗೆ ಹಾರ್ಲಿ."

"ಕೆಳಗೆ ದ್ರಾಕ್ಷಿ ಚಪ್ಪರದ ತಂತಿ. ಸೊಂಟದ ಬಟ್ಟೆ ಸಿಕ್ಕಾಕ್ಕೊಂಡ್ರೆ ಮಾನ ಹೋಗುತ್ತೆ."

ನಿರ್ದೇಶಕರು ಸಿಟ್ಟಿನಿಂದ, "ಹಂಗಾದ್ರೆ ಊರಿನ ಬಸ್ಸಲ್ಲೇ ಬರ್ಬೇಕಾ?" ಅಂದರು.

ಪಕ್ಕದ ತೋಟದವನು ಟೀ ಲೋಟ ಕೆಳಗಿಟ್ಟ. "ಬೇಡ, ಹಾರ್ಲಿ ಬಿಡಿ. ಹೊತ್ತಿಗೆ ಸರಿಯಾಗಿ ಬಸ್ ಬಂತು ಅಂದ್ರೆ ಇಲ್ಲಿ ಯಾರೂ ನಂಬಲ್ಲ."

ದೇವರಿಗೆ ಕಥೆ ಹೇಳಿದ್ದು

ಗುರುವಾರ ನಿರ್ಮಾಪಕರು ದೇವರನ್ನೇ ಕೇಳಿಬಿಡೋಣ ಅಂದರು. ನಮ್ಮ ಊರ ದೇವರಿಗೆ ಹೂ ಕೇಳುವ ಪದ್ಧತಿ ಇದೆ. ವಿಗ್ರಹಕ್ಕೆ ಹೂ ಏರಿಸಿ ಕಾಯುವುದು. ಬಲಗಡೆ ಬಿದ್ದರೆ ಅಪ್ಪಣೆ, ಎಡಗಡೆ ಬಿದ್ದರೆ ಬೇಡ ಅಂತ. ಹೆಣ್ಣು, ಗಂಡು, ಬೋರ್‌ವೆಲ್ಲು ಎಲ್ಲವನ್ನೂ ಹೀಗೆ ಕೇಳಿಯೇ ಮಾಡಿದವರು ನಾವು.

ಅರ್ಧ ಗಂಟೆಯಾದರೂ ಹೂ ಅಲ್ಲಾಡಲಿಲ್ಲ. ಪೂಜಾರಿ, "ಏನ್ ವಿಷ್ಯ ಅಂತ ಬಿಡಿಸಿ ಹೇಳ್ಬೇಕಂತೆ" ಅಂದ. ಸರಿ, ನಿರ್ದೇಶಕರು ಗರ್ಭಗುಡಿಯ ಮುಂದೆ ನಿಂತು, ಆವತ್ತಿಗೆ ಇದ್ದ ಕಥೆಯನ್ನೇ ಕೈಕಾಲು ಆಡಿಸುತ್ತಾ, ಬಾಯಲ್ಲೇ ಹಿನ್ನೆಲೆ ಸಂಗೀತ ಬಾರಿಸುತ್ತಾ ದೇವರಿಗೆ ಹೇಳಿದರು. ಇಂಟರ್‌ವಲ್ ಬರುವ ಹೊತ್ತಿಗೆ ಬಲಭುಜದ ಸೇವಂತಿಗೆ ಸಣ್ಣಗೆ ನಡುಗಿತು. ಮಗಳು ನನ್ನ ಕೈ ಹಿಡಿದುಕೊಂಡಳು. ನಿರ್ದೇಶಕರು ಹುರುಪಿನಿಂದ ಮುಂದುವರಿಸಿದರು. ಐದೇ ನಿಮಿಷ, ಎಡಗಡೆಯಿಂದ ಒಂದಲ್ಲ, ಇಡೀ ಹಾರವೇ ಜಾರಿ ಬಿತ್ತು.

ಪೂಜಾರಿ ಮಂಗಳಾರತಿ ತಟ್ಟೆ ಹಿಡಿದುಕೊಂಡು ನಿಧಾನವಾಗಿ ಹೊರಗೆ ಬಂದ. ಅಪಚಾರವಾದರೆ ಕ್ಷಮಿಸಲಿ ಅಂತ ಗಲ್ಲ ಬಡಿದುಕೊಂಡೇ ಅವನ ಮಾತು ಬರೆಯುತ್ತೇನೆ: "ಫಸ್ಟ್ ಹಾಫ್ ಪರವಾಗಿಲ್ಲ ಸಾರ್."

ಶುಕ್ರವಾರ

ಬೆಳಿಗ್ಗೆ ಹೀರೋನೇ ಬಂದ, ಹಿಂದೆ ನಾಲ್ಕು ಜನ ಕಪ್ಪು ಟೀಶರ್ಟಿನ ಬೌನ್ಸರುಗಳು. ಕಥೆ ಕೇಳುತ್ತಾನೆ ಅಂದುಕೊಂಡರೆ ನೇರವಾಗಿ ನನ್ನ ಕಾಲಿಗೆ ಬಿದ್ದ.

"ಅಪ್ಪಾ, ನಿಮ್ಮ ಕೈಲಿ ತಿಥಿ ಮಾಡಿಸ್ಕೊಂಡ ಮೇಲೆ ಮಾಡಿದ ಎರಡು ಪಿಕ್ಚರೂ ಮಕಾಡೆ ಮಲಗಿವೆ. ಕಾಗೆ ಬೇರೆ ಮುಟ್ಬಿಟ್ಟಿದೆ. ನಾನು ನಿಜವಾಗ್ಲೂ ಹೋಗ್ಬಿಟ್ಟಿದ್ದೀನಾ?"

ನನಗೆ ಅಯ್ಯೋ ಅನ್ನಿಸಿತು. ನಮ್ಮ ತಂದೆ ಹೇಳುತ್ತಿದ್ದುದನ್ನು ಹೇಳಿದೆ. ಕಾಶಿಗೆ ಹೋದವನೊಬ್ಬ ಸತ್ತ ಅಂತ ಸುದ್ದಿ ಬಂದು, ತಿಥಿಯೆಲ್ಲ ಆದ ಮೇಲೆ ಬಾಗಿಲಿಗೆ ಬಂದು ನಿಂತನಂತೆ. ಹಾಗೆ ಬಂದವನನ್ನು ಹಾಗೇ ಒಳಗೆ ಬಿಡುವಂತಿಲ್ಲ. ಅವನು ಮನೆಯಲ್ಲಿ ಹೊಸದಾಗಿ ಹುಟ್ಟಬೇಕು. ನೀರು ಎರೆದು, ತೊಟ್ಟಿಲಿಗೆ ಹಾಕಿ, ಹೆಸರಿಟ್ಟು, ಕಟ್ಟಿಕೊಂಡವಳಿಗೇ ಮತ್ತೆ ತಾಳಿ ಕಟ್ಟಬೇಕು. ಆಮೇಲೆ ಅವನು ಬದುಕಿದವನು.

ಅಳಿಯ ಬಾಯಿಂದ ಪೆನ್ನು ತೆಗೆದು ಬರೆಯತೊಡಗಿದ. ನಿರ್ದೇಶಕರು, "ಇದೇ! ಇದೇ ಸೀನು!" ಅಂತ ಕುಣಿದರು. ನಿರ್ಮಾಪಕರು ಮಾತ್ರ, "ಎರಡನೇ ಭಾಗಕ್ಕೆ ಬೇರೆ ಹೀರೋಯಿನ್‌ಗೆ ಮಾತು ಕೊಟ್ಟಿದ್ದೀನಿ, ಆ ತಾಳಿ ಒಂದು ಬಿಟ್ರೆ ಆಗಲ್ವಾ?" ಅಂದರು.

"ಸೀನು ಆಮೇಲೆ. ಮೊದಲು ನನಗೆ ನಿಜವಾಗ್ಲೂ ಮಾಡಿ" ಅಂದ ಹೀರೋ.

ಆರಡಿ ಆಳಿಗೆ ಎಲ್ಲಿಯ ತೊಟ್ಟಿಲು? ಮೂರು ಸೀರೆ ಸೇರಿಸಿ ತೊಲೆಗೆ ಜೋಲಿ ಕಟ್ಟಿದೆವು. ನೀರೆರೆದು ಮಲಗಿಸಿದರೆ ಮಂಡಿಯಿಂದ ಕೆಳಗೆಲ್ಲ ಹೊರಗೆ. ಹೆಂಗಸರ ಕೈಲಿ ತೂಗಲು ಆಗಲಿಲ್ಲ. ಬೌನ್ಸರುಗಳೇ ಆ ಕಡೆ ಇಬ್ಬರು, ಈ ಕಡೆ ಇಬ್ಬರು ನಿಂತು ತೂಗಿದರು. ಅವರಲ್ಲೊಬ್ಬ ತನಗೆ ಗೊತ್ತಿಲ್ಲದೆಯೇ ಜೋ ಜೋ ಅನ್ನುತ್ತಿದ್ದ.

ಹೆಸರಿಡುವುದು ಸೋದರತ್ತೆಯ ಹಕ್ಕು. ಸಿನಿಮಾದಲ್ಲಿ ಅಪ್ಪ ನಾನಾದ್ದರಿಂದ ನಮ್ಮ ಅಕ್ಕನನ್ನು ಕರೆದೆವು. ಮೊದಲ ಭಾಗದಲ್ಲಿ ಹೀರೋಗೆ ಒಂದು ಇಂಗ್ಲಿಷ್ ಹೆಸರಿತ್ತು, ನನ್ನ ನಾಲಿಗೆಗೇ ಹೊರಳದು. ಅಕ್ಕ ಬಗ್ಗಿ, ಕಿವಿಯಲ್ಲಿ ಮೂರು ಸಲ ಕೂಗಿದಳು: "ಮುನಿಯಪ್ಪ, ಮುನಿಯಪ್ಪ, ಮುನಿಯಪ್ಪ!"

ನಿರ್ಮಾಪಕರು ಎದೆ ಹಿಡಿದುಕೊಂಡರು. "ಏನಮ್ಮಾ ಇದು!"

"ಮನೆದೇವರ ಹೆಸರು ಬಿಟ್ಟು ಇನ್ಯಾವುದಪ್ಪ ಇಡೋದು?"

ಜೋಲಿಯೊಳಗಿಂದ ಹೀರೋ ಹೇಳಿದ: "ಕಿವಿಗೆ ಬಿದ್ದಾಯ್ತು. ಇನ್ನು ಬದಲಾಯಿಸೋ ಹಂಗಿಲ್ಲ."

"ಮುನಿಯಪ್ಪ ಭಾಗ ಎರಡು ಅಂತ ಪೋಸ್ಟರ್ ಹಾಕಿದ್ರೆ, ಭಾಗ ಒಂದು ಯಾವಾಗ ಬಂದಿತ್ತು ಅಂತ ಜನ ಕೇಳಲ್ವೇನ್ರೀ?" ಅಂದರು ನಿರ್ಮಾಪಕರು.

ಅಷ್ಟರಲ್ಲಾಗಲೇ ಹೀರೋ ಗೊರಕೆ ಹೊಡೆಯುತ್ತಿದ್ದ. ಎಷ್ಟೋ ದಿನದಿಂದ ಸರಿಯಾಗಿ ನಿದ್ದೆಯೇ ಮಾಡಿರಲಿಲ್ಲವಂತೆ. ಮಗು ಏಳುತ್ತದೆ ಅಂತ ಅಕ್ಕ ಎಲ್ಲರ ಬಾಯಿ ಮುಚ್ಚಿಸಿದಳು. ಮಧ್ಯಾಹ್ನ ಎದ್ದವನು ಎರಡು ಮುದ್ದೆ ಉಂಡು, "ಈ ಕಥೆ ಮಾಡಿದ್ರೆ ಮಾತ್ರ ನಾನು. ಬರೆಯೋದೂ ಇವರೇ" ಅಂತ ಅಳಿಯನನ್ನು ತೋರಿಸಿ ಕಾರು ಹತ್ತಿದ. ಮಗಳು ಅಡುಗೆಮನೆಗೆ ಓಡಿ, ನಾಲ್ಕು ದಿನದ ಊಟವನ್ನು ಒಟ್ಟಿಗೇ ಬಡಿಸಿಕೊಂಡು ಕೂತಳು.

ನಿರ್ಮಾಪಕರು ಸೋತು ಎಲೆ ಅಡಿಕೆ ತರಿಸಿ, ಅಳಿಯನ ಕೈಗೆ ತಾಂಬೂಲ ಕೊಟ್ಟರು. "ಬರಿ ಗುರು, ನೀನೇ ಬರಿ. ಆದ್ರೆ ಈ ಸಲ ಕೊನೇಲಿ ಯಾರನ್ನೂ ಸಾಯಿಸ್ಬೇಡ." ಹೊಸಿಲು ದಾಟಿದವರು ತಿರುಗಿ ನನ್ನನ್ನು ಒಮ್ಮೆ ನೋಡಿ ಅಳಿಯನಿಗೆ ಹೇಳಿದರು: "ಒಂದು ವೇಳೆ ಯಾರಾದ್ರೂ ಸತ್ರೂ, ನಿಮ್ಮ ಮಾವನಿಗೆ ಮಾತ್ರ ಹೇಳ್ಬೇಡ."